ಫೋನಿನಲ್ಲಿ ಮೋಟಾರು ಆನ್, ಪಂಪ್‌ಹೌಸಿನಲ್ಲಿ ಆಫ್
ಪರದೆಗೂ ವಸ್ತುಸ್ಥಿತಿಗೂ ತಾಳೆ ಇರಬೇಕಾದ ಬಗ್ಗೆ ಕೆಲವು ವಿಚಾರಗಳು



ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಅಳವಡಿಸಿಕೊಂಡಿದ್ದಾರೆ. ತ್ರೀ ಫೇಸ್ ಕರೆಂಟು ಬರುವುದೇ ರಾತ್ರಿ ಹೊತ್ತಿನಲ್ಲಿ. ಬ್ಯಾಟರಿ ಹಿಡಿದುಕೊಂಡು ಕೆರೆಯ ದಡಕ್ಕೆ ಹೋಗುವ ಕಷ್ಟ, ಕಾಡುಪ್ರಾಣಿಗಳ ಭಯ ಇದರಿಂದ ಬಹುಮಟ್ಟಿಗೆ ತಪ್ಪಿದೆ. ಸಂಘದ ಕಚೇರಿಯಲ್ಲಿಯೂ ಕಾಫಿ, ಅಡಿಕೆ, ಗೊಬ್ಬರದ ಲೆಕ್ಕಗಳು ಕಂಪ್ಯೂಟರಿಗೆ ಬಂದು ಕೆಲಸ ಹಗುರವಾಗಿದೆ. ಇವೆಲ್ಲ ಸಂತೋಷದ ವಿಷಯಗಳೇ.

ಆದರೆ ಈ ಎರಡು ಕಡೆಯೂ ಒಂದೇ ಜಾತಿಯ ದೋಷವೊಂದು ಕಾಣಿಸಿಕೊಂಡಿದೆ. ಪರದೆಯ ಮೇಲಿನ ಬಟನ್ ಹೇಳುವುದು ಒಂದು, ಒಳಗಿನ ಸ್ಥಿತಿ ಇನ್ನೊಂದು. ಇದು ಏಕೆ ಆಗುತ್ತದೆ, ಸರಿಯಾಗಿ ಮಾಡಿದ ಸಾಧನದಲ್ಲಿ ಏಕೆ ಆಗುವುದಿಲ್ಲ, ಕೊಳ್ಳುವ ಮುನ್ನ ನಾವು ಏನನ್ನು ಪರೀಕ್ಷಿಸಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನನ್ನ ತೋಟದಲ್ಲಿ ನಡೆದದ್ದು

ಕಳೆದ ಮಾರ್ಚ್ ತಿಂಗಳಲ್ಲಿ ರೋಬಸ್ಟಾಕ್ಕೆ ಹೂವಿನ ನೀರು ಕೊಡುತ್ತಿದ್ದೆವು. ಹೂವಿನ ನೀರು ಒಂದರಿಂದ ಒಂದೂವರೆ ಇಂಚಿನಷ್ಟಾದರೂ ಒಂದೇ ಸಲಕ್ಕೆ ಬೀಳಬೇಕು, ಅರ್ಧಂಬರ್ಧ ಬಿದ್ದರೆ ಏನೂ ಕೊಡದಿರುವುದಕ್ಕಿಂತ ಕೇಡು ಎಂಬುದು ತಮಗೆಲ್ಲ ತಿಳಿದದ್ದೇ. ಜೆಟ್ಟುಗಳನ್ನು ಸಂಜೆಯೇ ಜೋಡಿಸಿ, ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದ ಕೂಡಲೆ ಮನೆಯಿಂದಲೇ ಫೋನಿನಲ್ಲಿ ಬಟನ್ ಒತ್ತಿದೆ. ಬಟನ್ ಹಸಿರಾಯಿತು. ‘ಮೋಟಾರು ಆನ್ ಆಗಿದೆ’ ಎಂಬ ಸಂದೇಶವೂ ಬಂತು. ನಡುರಾತ್ರಿ ಎದ್ದು ನೋಡಿದಾಗಲೂ ಹಸಿರಾಗಿಯೇ ಇತ್ತು. ಬೆಳಗಿನ ಜಾವ ಆಫ್ ಮಾಡಿದೆ. ‘ಆಫ್ ಆಗಿದೆ’ ಎಂದು ಬಂತು. ಆಳುಗಳು ಹೋಗಿ ನೋಡಿದರೆ ಎಲೆ, ತರಗು ಎಲ್ಲ ಒದ್ದೆಯಾಗಿದೆ. ಜೆಟ್ಟುಗಳನ್ನು ಮುಂದಿನ ಜಾಗಕ್ಕೆ ದಾಟಿಸಿದರು. ಮರುದಿನ ರಾತ್ರಿಯೂ ಹೀಗೆಯೇ ನಡೆಯಿತು.

ಎಂಟೊಂಬತ್ತು ದಿನ ಕಳೆದು ತೋಟವೆಲ್ಲ ಬೆಳ್ಳಗೆ ಅರಳಿದಾಗ, ಆ ಎರಡು ರಾತ್ರಿ ನೀರು ಕೊಟ್ಟ ಸುಮಾರು ಒಂದೂವರೆ ಎಕರೆಯಲ್ಲಿ ಮೊಗ್ಗು ಉದ್ದವಾಗಿ, ಬಾಯಿ ಬಿಡದೆ, ನಸುಗೆಂಪು ಬಣ್ಣಕ್ಕೆ ತಿರುಗಿ ನಿಂತಿತ್ತು. ನೀರು ಸಾಲದೆ ಹೋದ ಗುರುತು ಅದು. ಆ ಜಾಗದ ವರ್ಷದ ಫಸಲು ಅಲ್ಲಿಗೆ ಮುಗಿದಂತೆಯೇ.

ಆಮೇಲೆ ಒಂದು ರಾತ್ರಿ ಪಂಪ್‌ಹೌಸಿನಲ್ಲಿಯೇ ಕುಳಿತು ನೋಡಿದಾಗ ಕಾರಣ ತಿಳಿಯಿತು. ಮೋಟಾರು ಅರ್ಧ ಗಂಟೆ ಓಡಿತು. ವೋಲ್ಟೇಜು ಇಳಿಯಿತು, ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಮೋಟಾರು ನಿಂತಿತು. ಕೈಯಲ್ಲಿದ್ದ ಫೋನು ಮಾತ್ರ ಹಸಿರು ತೋರಿಸುತ್ತಲೇ ಇತ್ತು.

ಹೆಗ್ಗನಹಳ್ಳಿಯ ವರ್ಕ್‌ಶಾಪಿನಲ್ಲಿ ತಿಳಿದದ್ದು

ಊರಿನ ಎಲೆಕ್ಟ್ರಿಷಿಯನ್, ಈ ಬೋರ್ಡು ತಮ್ಮ ಕೈಯಲ್ಲಿ ಆಗುವುದಲ್ಲ, ಬೆಂಗಳೂರಿಗೆ ಒಯ್ಯಿರಿ ಎಂದರು. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಹೆಗ್ಗನಹಳ್ಳಿಯಲ್ಲಿ, ಪ್ಯಾನೆಲ್ ಬೋರ್ಡು ಜೋಡಿಸುವ, ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪೊಂದರ ಗುರುತು ಸಿಕ್ಕಿತು. ಪೆಟ್ಟಿಗೆಯನ್ನು ಬಿಚ್ಚಿಸಿಕೊಂಡು ಅಲ್ಲಿಗೆ ಹೋದೆ. ವರ್ಕ್‌ಶಾಪಿನವರು ಮುಚ್ಚಳ ತೆಗೆದು ಐದು ನಿಮಿಷ ನೋಡಿದರು.

‘ಇದರಲ್ಲಿ ಏನು ಕೆಟ್ಟಿದೆ?’ ಎಂದು ಕೇಳಿದೆ.

‘ಏನೂ ಕೆಟ್ಟಿಲ್ಲ ಸಾರ್. ರಿಲೇ ಟ್ರಿಪ್ ಆಗಿ ನಿಮ್ಮ ಮೋಟಾರು ಉಳಿಸಿದೆ. ಆದ್ರೆ ಟ್ರಿಪ್ ಆಯ್ತು ಅನ್ನೋ ಸುದ್ದಿ ಬೋರ್ಡಿಗೆ ಹೋಗೋಕೆ ವೈರೇ ಎಳೆದಿಲ್ಲ.’

‘ಹಾಗಾದರೆ ಫೋನಿನಲ್ಲಿ ಆನ್ ಎಂದು ಬರುತ್ತಿತ್ತಲ್ಲ?’

‘ನೀವು ಆನ್ ಅಂದ್ರಿ. ಅದು ಆನ್ ಅಂತ ಬರ್ಕೊಂಡು ನಿಮಗೇ ತೋರಿಸ್ತಾ ಇತ್ತು, ಅಷ್ಟೇ ಸಾರ್.’

ನೋಡಿದರೆ ಬೋರ್ಡಿನಲ್ಲಿ ಈ ಕೆಲಸಕ್ಕೆಂದೇ ಎರಡು ಟರ್ಮಿನಲ್ ಖಾಲಿ ಇದ್ದವು. ಕೂಡಿಸಿದವರು ವೈರು ಕೊಡದೆ ಬಿಟ್ಟಿದ್ದರು. ಅವರು ಮೋಟಾರಿಗೆ ಹೋಗುವ ಒಂದು ಫೇಸಿನ ಸುತ್ತ ಕರೆಂಟು ಅಳೆಯುವ ಸಣ್ಣ ಕಾಯಿಲ್ ತೊಡಿಸಿ, ಅದರ ತುದಿಗಳನ್ನು ಅಲ್ಲಿಗೆ ಕೊಟ್ಟರು. ಈಗ ಮೋಟಾರು ನಿಂತರೆ ಸ್ವಲ್ಪ ಹೊತ್ತಿನಲ್ಲಿ ಫೋನಿಗೆ ತಿಳಿಯುತ್ತದೆ.

ಆದರೂ ಒಂದು ದೋಷ ಉಳಿದಿದೆ ಎಂದು ಅವರೇ ತೋರಿಸಿಕೊಟ್ಟರು. ಪೆಟ್ಟಿಗೆಗೆ ಕರೆಂಟೇ ಇಲ್ಲದಿರುವಾಗ ಫೋನಿನಲ್ಲಿ ಬಟನ್ ಒತ್ತಿದರು. ಬಟನ್ ಥಟ್ಟನೆ ಹಸಿರಾಯಿತು. ಉತ್ತರ ಎಲ್ಲಿಂದಲೂ ಬಂದಿಲ್ಲ. ಬೆರಳು ತಾಗಿದ್ದೇ ಸಾಕು, ಅದು ತಾನಾಗಿ ಬಣ್ಣ ಬದಲಾಯಿಸಿಕೊಂಡಿತ್ತು. ಈ ದೋಷಕ್ಕೆ ವೈರಿನಲ್ಲಿ ಪರಿಹಾರವಿಲ್ಲ. ಅದು ಫೋನಿನ ಪ್ರೋಗ್ರಾಮು ಬರೆದ ರೀತಿಯಲ್ಲಿಯೇ ಇದೆ.

ದೋಷದ ಮೂಲ: ಒಂದೇ ವಿಷಯಕ್ಕೆ ಎರಡು ನೆನಪು

ಹಳೆಯ ಗೋಡೆಯ ಸ್ವಿಚ್ಚಿನಲ್ಲಿ ಈ ತೊಂದರೆ ಇರಲಿಲ್ಲ. ಸ್ವಿಚ್ಚಿನ ಕಡ್ಡಿ ಕೆಳಗಿದ್ದರೆ ಒಳಗಿನ ತಾಮ್ರ ಕೂಡಿರುತ್ತದೆ. ಕಡ್ಡಿಯೂ ತಾಮ್ರವೂ ಒಂದೇ ತುಂಡಿನ ಎರಡು ತುದಿಗಳು. ಪರದೆಯ ಮೇಲಿನ ಬಟನ್ ಹಾಗಲ್ಲ. ಅದು ಒಂದು ಚಿತ್ರ ಮಾತ್ರ. ಚಿತ್ರಕ್ಕೂ ಮೋಟಾರಿಗೂ ನಡುವೆ ಫೋನು, ಟವರು, ಸಿಮ್, ಬೋರ್ಡು, ಕಾಂಟ್ಯಾಕ್ಟರ್ ಇಷ್ಟೆಲ್ಲ ಇವೆ. ಇವುಗಳಲ್ಲಿ ಎಲ್ಲಿ ತುಂಡಾದರೂ ಚಿತ್ರ ಒಂದು ಕಡೆ, ಮೋಟಾರು ಒಂದು ಕಡೆ.

ಪ್ರೋಗ್ರಾಮು ಬರೆಯುವವರು ಕೊಂಡು ತರುವ ಸಿದ್ಧ ಬಟನ್‌ಗಳಿಗೆ ತಮ್ಮದೇ ಆದ ಒಂದು ನೆನಪು ಇರುತ್ತದೆ: ‘ನಾನು ಈಗ ಆನ್’, ‘ನಾನು ಈಗ ಆಫ್’ ಎಂದು. ಮೋಟಾರಿನ ನಿಜಸ್ಥಿತಿಯ ದಾಖಲೆ ಬೇರೊಂದು ಕಡೆ ಇರುತ್ತದೆ. ಒಂದೇ ವಿಷಯವನ್ನು ಎರಡು ಕಡೆ ಬರೆದಿಟ್ಟರೆ ಇಂದಲ್ಲ ನಾಳೆ ಎರಡೂ ಬೇರೆಯಾಗುವುದು ಖಂಡಿತ.

ಸಹಕಾರ ಸಂಘದ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. ಸದಸ್ಯರ ಬಾಕಿ ಎಷ್ಟು ಎಂಬುದಕ್ಕೆ ಖತಾವಣಿ ಪುಸ್ತಕವೇ ಆಧಾರ. ಪಾಸ್‌ಬುಕ್ಕು ಅದರ ನಕಲು. ಸದಸ್ಯರು ಬಂದು ‘ಐದು ಸಾವಿರ ಕಟ್ಟುತ್ತೇನೆ’ ಎಂದ ಮಾತ್ರಕ್ಕೆ ಗುಮಾಸ್ತರು ಪಾಸ್‌ಬುಕ್ಕಿನಲ್ಲಿ ಜಮಾ ಬರೆಯುವುದಿಲ್ಲ. ಹಣ ಎಣಿಸಿ, ರಸೀತಿ ಹರಿದು, ಕಿರ್ದಿಗೆ ಏರಿಸಿ, ಖತಾವಣಿಗೆ ಬಂದ ಮೇಲೆ ಅಲ್ಲಿಂದ ನೋಡಿ ಪಾಸ್‌ಬುಕ್ಕಿಗೆ ಬರೆಯುತ್ತಾರೆ. ಪಾಸ್‌ಬುಕ್ಕಿಗೆ ನೇರವಾಗಿ ಬರೆಯುವ ಗುಮಾಸ್ತರನ್ನು ಯಾವ ಆಡಳಿತ ಮಂಡಳಿಯೂ ಇಟ್ಟುಕೊಳ್ಳುವುದಿಲ್ಲ. ನನ್ನ ಫೋನಿನ ಬಟನ್ ಮಾಡುತ್ತಿದ್ದುದು ಇದನ್ನೇ. ಹಣ ಬರುವ ಮೊದಲೇ ಅದು ಪಾಸ್‌ಬುಕ್ಕಿನಲ್ಲಿ ಜಮಾ ಬರೆಯುತ್ತಿತ್ತು.

1979ರ ಎರಡು ಸಂಗತಿಗಳು

ಈ ದೋಷದ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ್ದು. 1979ರ ಮಾರ್ಚ್ 28ರಂದು ಅಲ್ಲಿ ಒತ್ತಡ ಇಳಿಸಲು ತೆರೆದ ಒಂದು ವಾಲ್ವು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತ್ತು. ನೌಕರರು ವಾಲ್ವು ಮುಚ್ಚಿದೆ ಎಂದೇ ತಿಳಿದರು. ಆ ದೀಪವನ್ನು ಜೋಡಿಸಿದ್ದುದು ವಾಲ್ವಿಗೆ ಅಲ್ಲ, ವಾಲ್ವಿಗೆ ಹೋಗುವ ವಿದ್ಯುತ್ ಆಜ್ಞೆಗೆ. ಮುಚ್ಚಿಕೊಳ್ಳಲು ಹೇಳಿದೆ ಎಂಬುದನ್ನು ಅದು ತಿಳಿಸುತ್ತಿತ್ತೇ ಹೊರತು ಮುಚ್ಚಿದೆ ಎಂಬುದನ್ನಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪು ಮಾಡುವ ನೀರು ಆ ದಾರಿಯಲ್ಲಿ ಸೋರಿಹೋಗಿ, ಅಣು ಇಂಧನದ ಸುಮಾರು ಅರ್ಧದಷ್ಟು ಕರಗಿತು. ನನ್ನ ಸ್ಟಾರ್ಟರಿನಲ್ಲಿ ಎಳೆಯದೆ ಬಿಟ್ಟಿದ್ದ ವೈರೂ ಅಲ್ಲಿ ಇಲ್ಲದಿದ್ದ ವೈರೂ ಒಂದೇ ಕೆಲಸದ್ದು.

ಅದೇ 1979ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಟ್ರಿಗ್ವೆ ರೀನ್ಸ್‌ಕೌಗ್ ಎಂಬ ನಾರ್ವೆಯ ವಿಜ್ಞಾನಿ ಪ್ರೋಗ್ರಾಮುಗಳನ್ನು ಕಟ್ಟುವ ಒಂದು ವಿಧಾನವನ್ನು ಬರೆದಿಟ್ಟರು. ಅದರ ಹೆಸರು ಮಾಡೆಲ್-ವ್ಯೂ-ಕಂಟ್ರೋಲರ್. ಮಾಡೆಲ್ ಎಂದರೆ ಮೂಲ ದಾಖಲೆ, ನಮ್ಮ ಖತಾವಣಿ ಇದ್ದಂತೆ. ವ್ಯೂ ಎಂದರೆ ಅದನ್ನು ನೋಡಿ ಬರೆದ ಚಿತ್ರ, ಪಾಸ್‌ಬುಕ್ಕು ಇದ್ದಂತೆ. ಕಂಟ್ರೋಲರ್ ಎಂದರೆ ಬಳಸುವವರ ಕೋರಿಕೆಯನ್ನು ಮೂಲಕ್ಕೆ ತಲುಪಿಸುವ ಗುಮಾಸ್ತ. ಬೆರಳು ಒತ್ತಿದ್ದು ಒಂದು ಅರ್ಜಿ ಮಾತ್ರ. ಅರ್ಜಿ ಮೂಲ ದಾಖಲೆಗೆ ಹೋಗಬೇಕು. ದಾಖಲೆ ಬದಲಾದರೆ ಅದನ್ನು ತೋರಿಸುತ್ತಿರುವ ಎಲ್ಲ ಪರದೆಗಳಿಗೂ ಸುದ್ದಿ ಮುಟ್ಟಬೇಕು, ಆಗ ಪರದೆ ತನ್ನ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳಬೇಕು. ಕಂಪ್ಯೂಟರುಗಳು ಅಂದಿನಿಂದ ಬಹಳ ಬದಲಾಗಿವೆ. ಆದರೆ ಇಂದು ಒಳ್ಳೆಯ ಪ್ರೋಗ್ರಾಮುಗಳನ್ನು ಕಟ್ಟುವ ಅನೇಕ ವಿಧಾನಗಳ ಬುಡದಲ್ಲಿ ಇರುವುದು ಇದೇ ವಿಚಾರ.

ಪೆಟ್ಟಿಗೆಯ ಹತ್ತಿರ ಇರುವ ಆಳು ಕೈಯಿಂದಲೇ ಕೆಂಪು ಬಟನ್ ಒತ್ತಿ ಮೋಟಾರು ನಿಲ್ಲಿಸಿದರು ಎನ್ನಿ. ಬಟನ್‌ಗೆ ಅದರದೇ ನೆನಪು ಇದ್ದರೆ ಮನೆಯಲ್ಲಿರುವ ಯಜಮಾನರ ಫೋನಿಗೂ ರೈಟರ ಫೋನಿಗೂ ಅದು ತಿಳಿಯುವುದೇ ಇಲ್ಲ. ಮೂಲ ದಾಖಲೆಯಿಂದ ಸುದ್ದಿ ಹೊರಡುವ ಏರ್ಪಾಡಿದ್ದರೆ ಇಬ್ಬರ ಫೋನೂ ತಾವಾಗಿ ಬದಲಾಗುತ್ತವೆ.

ಮತಯಂತ್ರದಿಂದ ಕಲಿಯಬೇಕಾದದ್ದು

ಇದನ್ನು ಸರಿಯಾಗಿ ಮಾಡಿರುವ ಸಾಧನವೊಂದನ್ನು ನಾವೆಲ್ಲರೂ ಬಳಸಿದ್ದೇವೆ. ಅದೇ ವಿದ್ಯುನ್ಮಾನ ಮತಯಂತ್ರ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್, ಹೆಗ್ಗನಹಳ್ಳಿಯಿಂದ ಹೆಚ್ಚು ದೂರವಲ್ಲದ ಜಾಲಹಳ್ಳಿಯಲ್ಲಿದೆ. ಇನ್ನೊಂದು ಹೈದರಾಬಾದಿನದು. ಚುನಾವಣಾ ಕರ್ತವ್ಯ ಮಾಡಿದ ಉಪಾಧ್ಯಾಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಈ ಕ್ರಮ ಬಾಯಿಪಾಠವಾಗಿರುತ್ತದೆ.

ಅಧಿಕಾರಿಯ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್ಟಿನಲ್ಲಿ ‘ಬ್ಯಾಲೆಟ್’ ಬಟನ್ ಒತ್ತಿದರೆ ಅಲ್ಲಿ ‘ಬಿಜಿ’ ಎಂಬ ಕೆಂಪು ದೀಪ ಹತ್ತುತ್ತದೆ, ಮರೆಯಲ್ಲಿರುವ ಬ್ಯಾಲೆಟ್ ಯೂನಿಟ್ಟಿನಲ್ಲಿ ಹಸಿರು ದೀಪ ಹತ್ತುತ್ತದೆ. ಮತದಾರರು ನೀಲಿ ಬಟನ್ ಒತ್ತಿದಾಗ ಅಭ್ಯರ್ಥಿಯ ಹೆಸರಿನ ಬಳಿ ಕೆಂಪು ದೀಪ ಬೆಳಗುತ್ತದೆ, ‘ಬೀಪ್’ ಎಂದು ಸದ್ದು ಬರುತ್ತದೆ. ಮತ ದಾಖಲಾದ ಮೇಲೆಯೇ ಮೇಜಿನ ಮೇಲಿನ ‘ಬಿಜಿ’ ದೀಪ ಆರುತ್ತದೆ. ಅಧಿಕಾರಿ ಮತ್ತೆ ‘ಬ್ಯಾಲೆಟ್’ ಒತ್ತುವವರೆಗೆ ನೀಲಿ ಬಟನ್ ಎಷ್ಟು ಸಲ ಒತ್ತಿದರೂ ಎರಡನೆಯ ಮತ ಬೀಳುವುದಿಲ್ಲ.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ದೀಪ ಆರಲು ಕಾರಣವಾಗುವುದು ಬೆರಳಿನ ಒತ್ತಡವಲ್ಲ, ಮತ ದಾಖಲಾದ ಸಂಗತಿ. ಎರಡನೆಯದಾಗಿ, ಆಜ್ಞೆ ಕೊಟ್ಟದ್ದಕ್ಕೂ ಕೆಲಸ ಮುಗಿದದ್ದಕ್ಕೂ ನಡುವಿನ ಕಾಲಕ್ಕೆ ಪ್ರತ್ಯೇಕ ಗುರುತಿದೆ. ‘ಬಿಜಿ’ ದೀಪ ಹೇಳುವುದು ‘ಇನ್ನೂ ಆಗಿಲ್ಲ, ಕಾಯಿರಿ’ ಎಂದು. ಮೂರನೆಯದಾಗಿ, ಯಾವ ಬಟನ್ ಯಾವಾಗ ಕೆಲಸ ಮಾಡಬೇಕು ಎಂಬುದನ್ನು ಒಳಗಿನ ಸ್ಥಿತಿಯೇ ತೀರ್ಮಾನಿಸುತ್ತದೆ. ಮತದಾನ ಮುಗಿದು ‘ಕ್ಲೋಸ್’ ಒತ್ತಿದ ಬಳಿಕ ಯಂತ್ರ ಮತ ಸ್ವೀಕರಿಸುವುದಿಲ್ಲ. ‘ಕ್ಲೋಸ್’ ಆಗದೆ ‘ರಿಸಲ್ಟ್’ ಬಟನ್ ಕೆಲಸ ಮಾಡುವುದಿಲ್ಲ.

ಇಷ್ಟಾದರೂ ಯಂತ್ರವನ್ನು ಕುರುಡಾಗಿ ನಂಬುವ ಪದ್ಧತಿ ಇಲ್ಲ. ಮತದಾನಕ್ಕೆ ಮೊದಲು ಏಜೆಂಟರ ಎದುರಿನಲ್ಲಿ ಕನಿಷ್ಠ 50 ಅಣಕು ಮತ ಹಾಕಿ ತಾಳೆ ನೋಡಿ ಅಳಿಸುತ್ತಾರೆ. ‘ಟೋಟಲ್’ ಬಟನ್ ತೋರಿಸುವ ಸಂಖ್ಯೆಯನ್ನು ಮತದಾರರು ಸಹಿ ಮಾಡಿದ ರಿಜಿಸ್ಟರಿನೊಡನೆ ಹೋಲಿಸುತ್ತಾರೆ. ವಿವಿಪ್ಯಾಟ್ ಬಂದ ಮೇಲೆ ಚೀಟಿಯನ್ನು ಮತದಾರರು ಗಾಜಿನ ಹಿಂದೆ 7 ಸೆಕೆಂಡು ಕಣ್ಣಾರೆ ನೋಡಬಹುದು.

ಕಚೇರಿಯ ಕಂಪ್ಯೂಟರಿನಲ್ಲಿ

ನಮ್ಮ ಕಚೇರಿಯಲ್ಲಿ ಆದ ಒಂದು ಪ್ರಸಂಗವನ್ನು ಮುಚ್ಚಿಡದೆ ಹೇಳುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ. ಹಣ ಪಾವತಿಗೆ ಸದಸ್ಯರ ಪಟ್ಟಿಯನ್ನು ಪರದೆಯಲ್ಲಿ ತೆರೆದು, ಹೆಸರಿನ ಎದುರಿನ ಚೌಕದಲ್ಲಿ ಗುರುತು ಹಾಕುವುದು ಕ್ರಮ. ಒಂದು ದಿನ ಗುಮಾಸ್ತರು ಮೂರನೆಯ ಸಾಲಿನ ಸದಸ್ಯರಿಗೆ ಗುರುತು ಹಾಕಿದರು. ಅದೇ ಹೊತ್ತಿನಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಹೊಸ ಸದಸ್ಯರೊಬ್ಬರ ಹೆಸರು ಸೇರಿತು. ಪಟ್ಟಿ ಅಕಾರಾದಿಯಲ್ಲಿ ಇದ್ದುದರಿಂದ ಹೊಸ ಹೆಸರು ಮೇಲೆ ಬಂದು ಉಳಿದವೆಲ್ಲ ಒಂದೊಂದು ಸಾಲು ಕೆಳಗೆ ಸರಿದವು. ಗುರುತು ಮಾತ್ರ ಮೂರನೆಯ ಸಾಲಿನಲ್ಲಿಯೇ ಉಳಿಯಿತು. ಅಂದರೆ ಒಬ್ಬರಿಗೆ ಹಾಕಿದ ಗುರುತು ಇನ್ನೊಬ್ಬರ ಹೆಸರಿನ ಮುಂದೆ ಕುಳಿತಿತು. ಸಂಜೆ ಕಿರ್ದಿಯನ್ನು ವೋಚರುಗಳೊಡನೆ ತಾಳೆ ನೋಡುವಾಗ ಸಿಕ್ಕಿಬಿದ್ದದ್ದರಿಂದ ಹಣ ಬೇರೆಯವರ ಖಾತೆಗೆ ಹೋಗುವುದು ತಪ್ಪಿತು.

ಗುರುತನ್ನು ಸಾಲಿಗೆ ಅಂಟಿಸಿದ್ದೇ ಇಲ್ಲಿಯ ತಪ್ಪು. ಅಂಟಿಸಬೇಕಾದದ್ದು ಸದಸ್ಯತ್ವದ ಸಂಖ್ಯೆಗೆ. ಗೊನೆ ಎಣಿಸುವವರು ಮರಕ್ಕೆ ಸುಣ್ಣದ ಗುರುತು ಹಾಕುತ್ತಾರೆಯೇ ಹೊರತು ‘ಬೇಲಿಯಿಂದ ಮೂರನೆಯದು’ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ನಡುವೆ ಒಂದು ಸಸಿ ನೆಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಇದೇ ಬಗೆಯ ಇನ್ನೊಂದು ತಪ್ಪು ದರ್ಜೆ ಆಯ್ಕೆಯಲ್ಲಿ ಬರುತ್ತದೆ. ಒಬ್ಬರ ಅಡಿಕೆಯನ್ನು ‘ಬೆಟ್ಟೆ’ ಎಂದು ಆಯ್ದು ತೂಕ ಬರೆದು, ಮುಂದಿನವರ ಹೆಸರನ್ನು ತೆಗೆದಾಗ ಹೆಸರು ಬದಲಾಗುತ್ತದೆ, ದರ್ಜೆಯ ಪೆಟ್ಟಿಗೆಯಲ್ಲಿ ಹಿಂದಿನವರ ‘ಬೆಟ್ಟೆ’ಯೇ ಉಳಿದಿರುತ್ತದೆ. ಅವರು ತಂದದ್ದು ‘ಗೊರಬಲು’ ಆಗಿದ್ದರೆ ಸಂಘಕ್ಕೆ ನಷ್ಟ, ‘ಸರಕು’ ಆಗಿದ್ದರೆ ಸದಸ್ಯರಿಗೆ ನಷ್ಟ. ಮೂಲ ದಾಖಲೆ ಬದಲಾದಾಗ ಪರದೆಯ ಅರ್ಧ ಭಾಗ ಮಾತ್ರ ಹೊಸದಾಗಿ, ಅರ್ಧ ಹಳೆಯದಾಗಿ ಉಳಿಯುವುದಕ್ಕೆ ಇದು ನಿದರ್ಶನ. ಹೊಸ ಹೆಸರು ತೆಗೆದ ಕೂಡಲೆ ದರ್ಜೆಯ ಪೆಟ್ಟಿಗೆ ಖಾಲಿಯಾಗಬೇಕು. ಆಯ್ಕೆ ಮಾಡುವವರೆಗೆ ‘ಉಳಿಸು’ ಬಟನ್ ಒತ್ತಲು ಬರಬಾರದು.

ಇದಕ್ಕೆ ವಿರುದ್ಧವಾದದ್ದೂ ಉಂಟು. ಪರದೆ ಹೊಸದಾಗಿ ಒಳಗಿನದು ಹಳೆಯದಾಗಿ ಉಳಿಯುವುದು ಇನ್ನೂ ಅಪಾಯಕರ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರದಿಂದ ಆರು ಅವಘಡಗಳಾಗಿ, ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ತಗುಲಿತು, ಸಾವುಗಳೂ ಆದವು. ಅವುಗಳಲ್ಲಿ ಕೆಲವಕ್ಕೆ ಕಾರಣ ಹೀಗಿತ್ತು: ಯಂತ್ರ ನಡೆಸುವವರು ತಪ್ಪಾಗಿ ಬಿದ್ದ ಒಂದು ಅಕ್ಷರವನ್ನು ಪರದೆಯಲ್ಲಿ ಬೇಗನೆ ತಿದ್ದಿದರು. ಪರದೆ ತಿದ್ದಿದ್ದನ್ನೇ ತೋರಿಸಿತು. ಒಳಗೆ ಸಿದ್ಧತೆ ನಡೆಯುತ್ತಿದ್ದ ಸುಮಾರು 8 ಸೆಕೆಂಡಿನಲ್ಲಿ ಮಾಡಿದ ತಿದ್ದುಪಡಿ ಯಂತ್ರದ ಗಮನಕ್ಕೆ ಬಾರದೆ, ಅದು ಹಳೆಯ ಆಜ್ಞೆಯ ಪ್ರಕಾರವೇ ಅಣಿಯಾಗಿತ್ತು.

‘ಭೂಮಿ’ ಯೋಜನೆಯ ಪಾಠ

ಒಂದೇ ಮೂಲ ದಾಖಲೆ ಇರಬೇಕೆಂಬ ತತ್ತ್ವವನ್ನು ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ಅನುಸರಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಕಂಪ್ಯೂಟರಿನ ಪಹಣಿಯೂ ಶ್ಯಾನುಭೋಗರ ಕಾಲದಿಂದ ಬಂದ ಕೈಬರಹದ ಪಹಣಿಯೂ ಜೊತೆಜೊತೆಯಾಗಿ ನಡೆಯಲು ಸರಕಾರ ಬಿಡಲಿಲ್ಲ. ಕೆಲಸ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಎರಡನ್ನೂ ಉಳಿಸಿದ್ದರೆ ಒಂದು ಸರ್ವೆ ನಂಬರಿಗೆ ಇಬ್ಬರು ಮಾಲೀಕರು ಹುಟ್ಟಿಕೊಳ್ಳುತ್ತಿದ್ದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ನೌಕರರ ಪರದೆಯಲ್ಲದೆ ರೈತರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಟ್ಟರು. ದಾಖಲೆ ಒಂದೇ, ನೋಡುವ ಕಣ್ಣು ಎರಡು.

ಆದರೆ ಒಂದು ಮಿತಿಯನ್ನೂ ತಿಳಿದಿರಬೇಕು. ಪರದೆಗೂ ದಾಖಲೆಗೂ ತಾಳೆ ಇದ್ದ ಮಾತ್ರಕ್ಕೆ ದಾಖಲೆಗೂ ನೆಲಕ್ಕೂ ತಾಳೆ ಇದೆ ಎಂದಾಗುವುದಿಲ್ಲ. ಅಡಿಕೆ ಮರ ತಲೆ ಮೇಲೆ ಬೆಳೆದಿರುವ ಜಮೀನಿನ ಪಹಣಿಯಲ್ಲಿ ಇಂದಿಗೂ ‘ಭತ್ತ’ ಎಂದಿದ್ದರೆ, ಪರದೆ ‘ಭತ್ತ’ವನ್ನೇ ತೋರಿಸುತ್ತದೆ. ಅದು ಪರದೆಯ ತಪ್ಪಲ್ಲ. ಬೆಳೆ ಸಮೀಕ್ಷೆಯಲ್ಲಿ ಜಮೀನಿಗೇ ಹೋಗಿ ಫೋಟೋ ತೆಗೆದು ಹಾಕುವ ಕ್ರಮ ಬಂದಿರುವುದು ಈ ಅಂತರವನ್ನು ಕಡಿಮೆ ಮಾಡಲು. ಮೋಟಾರಿನಲ್ಲಿಯೂ ಹೀಗೆಯೇ. ಕಾಂಟ್ಯಾಕ್ಟರ್ ಕೂಡಿದೆ ಎಂಬುದು ಒಂದು ಮಟ್ಟದ ಸತ್ಯ. ಮೋಟಾರಿಗೆ ಸರಿಯಾದ ಕರೆಂಟು ಹರಿಯುತ್ತಿದೆ ಎಂಬುದು ಅದಕ್ಕಿಂತ ಗಟ್ಟಿಯಾದ ಸತ್ಯ. ಪೈಪಿನಲ್ಲಿ ನೀರಿನ ಒತ್ತಡ ಇದೆ ಎಂಬುದು ಎಲ್ಲಕ್ಕಿಂತ ಗಟ್ಟಿ. ಫುಟ್‌ವಾಲ್ವು ಗಾಳಿ ಎಳೆದರೆ ಮೋಟಾರು ಓಡುತ್ತಿದ್ದರೂ ಗಿಡಕ್ಕೆ ನೀರು ಬೀಳುವುದಿಲ್ಲ.

ಸದಸ್ಯರು ಮಾಡಿ ನೋಡಬೇಕಾದ ಪರೀಕ್ಷೆಗಳು

ಮೊಬೈಲ್ ಸ್ಟಾರ್ಟರ್ ಇರುವವರು ಹೂವಿನ ನೀರಿನ ಕಾಲಕ್ಕೆ ಮುಂಚೆ, ಹೊಸದಾಗಿ ಕೊಳ್ಳುವವರು ಹಣ ಕೊಡುವ ಮುಂಚೆ, ಒಂದು ಹಗಲು ಈ ಪರೀಕ್ಷೆಗಳನ್ನು ಮಾಡಿ ನೋಡಬೇಕಾಗಿ ಕೋರುತ್ತೇನೆ. ಪಂಪ್‌ಹೌಸಿನಲ್ಲಿ ಒಬ್ಬರು, ಮನೆಯಲ್ಲಿ ಒಬ್ಬರು ಇದ್ದರೆ ಸಾಕು.

1. ಫೋನಿನಿಂದ ಮೋಟಾರು ಹಾಕಿ, ಪೆಟ್ಟಿಗೆಯ ಬಳಿ ಇರುವವರು ಕೈಯಿಂದ ನಿಲ್ಲಿಸಲಿ. ಫೋನು ತಾನಾಗಿ ‘ಆಫ್’ ಎಂದು ತೋರಿಸಬೇಕು.

2. ಮೋಟಾರು ಓಡುತ್ತಿರುವಾಗ ಎಲೆಕ್ಟ್ರಿಷಿಯನ್ನರಿಂದ ಓವರ್‌ಲೋಡ್ ರಿಲೇಯನ್ನು ಟ್ರಿಪ್ ಮಾಡಿಸಿ. ಫೋನು ನಿಂತದ್ದನ್ನು ತಿಳಿಸಬೇಕು. ಏಕೆ ನಿಂತಿತು ಎಂಬುದನ್ನೂ ತಿಳಿಸಿದರೆ ಇನ್ನೂ ಒಳ್ಳೆಯದು.

3. ಮೇನ್ ಸ್ವಿಚ್ ತೆಗೆದು ಫೋನಿನಲ್ಲಿ ‘ಆನ್’ ಒತ್ತಿ. ಬಟನ್ ಕೂಡಲೆ ಹಸಿರಾದರೆ ಆ ಪ್ರೋಗ್ರಾಮನ್ನು ನಂಬಬಾರದು. ‘ಆಜ್ಞೆ ಕಳಿಸಿದೆ, ಉತ್ತರ ಬಂದಿಲ್ಲ’ ಎಂಬ ಅರ್ಥದ ಬೇರೆ ಗುರುತು ಬರಬೇಕು. ಸ್ವಲ್ಪ ಹೊತ್ತಿನ ಮೇಲೂ ಉತ್ತರ ಬಾರದಿದ್ದರೆ ‘ಸ್ಥಿತಿ ತಿಳಿದಿಲ್ಲ’ ಎಂದು ಹೇಳಬೇಕು.

4. ಎರಡು ಫೋನುಗಳಲ್ಲಿ ಒಟ್ಟಿಗೆ ತೆರೆದು, ಒಂದರಿಂದ ಹಾಕಿ. ಎರಡನೆಯದರಲ್ಲಿಯೂ ಬದಲಾಗಬೇಕು.

5. ಕೊನೆಯ ಸುದ್ದಿ ಎಷ್ಟು ಹೊತ್ತಿಗೆ ಬಂದದ್ದು ಎಂದು ಗಂಟೆ ನಿಮಿಷ ತೋರಿಸುತ್ತದೆಯೇ ನೋಡಿ. ರಾತ್ರಿ ಎರಡು ಗಂಟೆಗೆ ನೋಡಿದಾಗ ‘ಆನ್, 11.05ರ ಸುದ್ದಿ’ ಎಂದಿದ್ದರೆ ಅನುಮಾನ ಪಡಲು ಕಾರಣ ಸಿಗುತ್ತದೆ. ಸಮಯವಿಲ್ಲದ ಬರಿಯ ‘ಆನ್’ ಎಂಬುದಕ್ಕೆ ಬೆಲೆ ಕಡಿಮೆ.

ಇನ್ನು ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಫೋನು ‘ಆಫ್’ ಎಂದು ತೋರಿಸುತ್ತಿದೆ ಎಂದು ನಂಬಿ ಯಾರೂ ಮೋಟಾರನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟಬಾರದು, ಆಳುಗಳಿಗೂ ಮುಟ್ಟಲು ಹೇಳಬಾರದು. ಪೆಟ್ಟಿಗೆಯನ್ನು ‘ಆಟೋ’ದಲ್ಲಿ ಇಟ್ಟಿದ್ದರೆ ಕರೆಂಟು ಬಂದ ಕ್ಷಣ ಮೋಟಾರು ತಾನಾಗಿ ಹೊರಡುತ್ತದೆ. ಫೋನಿಗೆ ಅದು ತಿಳಿಯುವಷ್ಟರಲ್ಲಿ ಅನಾಹುತವಾಗಿರುತ್ತದೆ. ಮೇನ್ ಸ್ವಿಚ್ ತೆಗೆದು, ಫ್ಯೂಜು ಕೈಯಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯುವ ಹಳೆಯ ಪದ್ಧತಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಹೂವಿನ ನೀರಿನ ಮಟ್ಟಿಗೆ ನಾನೀಗ ಅನುಸರಿಸುತ್ತಿರುವ ಕ್ರಮವನ್ನೂ ತಿಳಿಸುತ್ತೇನೆ. ಜೆಟ್ಟುಗಳ ನಡುವೆ ಅಗಲ ಬಾಯಿಯ ಎರಡು ಡಬ್ಬಗಳನ್ನು ಇಡಿಸುತ್ತೇನೆ. ಬೆಳಿಗ್ಗೆ ಅದರಲ್ಲಿ ಸ್ಕೇಲು ಇಳಿಸಿ ಒಂದಿಂಚು ಇದೆಯೇ ಎಂದು ನೋಡಿದ ಮೇಲೆಯೇ ಜೆಟ್ಟು ದಾಟಿಸುವುದು. ಆ ಎರಡು ರಾತ್ರಿ ಇಷ್ಟು ಮಾಡಿದ್ದರೆ ಒಂದೂವರೆ ಎಕರೆಯ ಫಸಲು ಉಳಿಯುತ್ತಿತ್ತು.

ಕಚೇರಿಯ ಪ್ರೋಗ್ರಾಮಿನ ದೋಷಗಳನ್ನು ಒದಗಿಸಿದವರಿಗೆ ಬರೆದು ತಿಳಿಸಲಾಗಿದ್ದು, ಪಟ್ಟಿಯ ಗುರುತಿನ ದೋಷ ಸರಿಯಾಗಿದೆ. ದರ್ಜೆಯ ಪೆಟ್ಟಿಗೆಯದು ಇನ್ನೂ ಆಗಬೇಕಾಗಿದೆ. ಅಲ್ಲಿಯವರೆಗೆ ಅಡಿಕೆ ತರುವ ಸದಸ್ಯರು ರಸೀತಿ ಪಡೆದ ಕೂಡಲೆ, ಕೌಂಟರ್ ಬಿಡುವ ಮೊದಲೇ, ತಮ್ಮ ಹೆಸರು, ಸದಸ್ಯತ್ವದ ಸಂಖ್ಯೆ, ದರ್ಜೆ, ತೂಕ ಈ ನಾಲ್ಕನ್ನೂ ಓದಿ ನೋಡಬೇಕಾಗಿ ವಿನಂತಿ. ವ್ಯತ್ಯಾಸ ಕಂಡುಬಂದಲ್ಲಿ ಸಂಕೋಚಪಡದೆ ಗುಮಾಸ್ತರಿಗಾಗಲಿ ನನಗಾಗಲಿ ತಿಳಿಸಬೇಕು. ಮೇಲಿನ ಪರೀಕ್ಷೆಗಳಲ್ಲಿ ತಮ್ಮ ಸ್ಟಾರ್ಟರ್ ಹೇಗೆ ನಡೆದುಕೊಂಡಿತು ಎಂಬುದನ್ನೂ ಕಚೇರಿಗೆ ತಿಳಿಸಿದರೆ, ಕೊಳ್ಳಲು ಯೋಚಿಸುತ್ತಿರುವ ಇತರ ಸದಸ್ಯರಿಗೆ ಉಪಕಾರವಾಗುತ್ತದೆ.

ಇತಿ,
ಕಾರ್ಯದರ್ಶಿ